ಕೋವಿಯ ಮಣಿಗೊಂದು ಟೋಪಿ

ಡೊಂಬಿವಲಿ

ನನ್ನ ತಮ್ಮ ಸುಧಾಕರ ಮದುವೆಯಾದ ಹುಡುಗಿಯ ಹೆಸರು ಮಾಯಾ ಎಂದು ಫೋನಿನಲ್ಲಿ ಹೇಳಿದಾಗ ನಮ್ಮಮ್ಮ ಮೊದಲು ಕೇಳಿದ್ದು, "ಯಾವ ಊರಿನವರು? ಕಾರ್ಕಳದ ಕಡೆಯವರಾ?" ಎಂದು. "ಸ್ಲೊವೇನಿಯಾದವರು" ಎಂದ. ಅಮ್ಮನಿಗೆ ಯುರೋಪಿನ ಆ ದೇಶ ಕುಂದಾಪುರದಾಚೆ ಎಲ್ಲೋ ಇರುವ ಊರಿನ ಹಾಗೆ ಕೇಳಿಸಿರಬೇಕು. "ಆಗಲಿ, ಸ್ವಲ್ಪ ದೂರವಾದರೂ ಜನ ಒಳ್ಳೆಯವರಾದರೆ ಸಾಕು" ಎಂದಳು.

ಸುಧಾಕರ ಹಡಗಿನ ಇಂಜಿನಿಯರ್. ಯಾವುದೋ ಬಂದರಿನಲ್ಲಿ ಹಡಗು ರಿಪೇರಿಗೆಂದು ವಾರಗಟ್ಟಲೆ ನಿಂತಾಗ ಈ ಮಾಯಾಳ ಪರಿಚಯವಾಗಿ, ಕೊನೆಗೆ ಅಲ್ಲೇ ಮನೆ ಮಾಡಿದ. ಆಕೆ ಎರಡು ಸಲ ಮುಂಬಯಿ ಬಳಿಯ ನಮ್ಮ ಡೊಂಬಿವಲಿಗೆ ಬಂದು, ನಮ್ಮ ಸೊಸೈಟಿಯ ಮೆಟ್ಟಿಲಲ್ಲಿ ಕೂತು ಅಮ್ಮನಿಂದ ತುಳು ಕಲಿತು ಹೋಗಿದ್ದಳು. ಆದರೆ ನಮ್ಮ ಕಡೆಯಿಂದ ಒಬ್ಬರೂ ಅವಳ ತವರಿನ ಹೊಸ್ತಿಲು ತುಳಿದಿರಲಿಲ್ಲ. ಬೀಗರ ಮನೆಗೆ ಹೋಗದೆ ಇಷ್ಟು ವರ್ಷ ಕಳೆದದ್ದು ಅಮ್ಮನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಅವಳ ಮಂಡಿ ವಿಮಾನ ಹತ್ತುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಹೊರಟವಳು ನಾನು.

ನನ್ನ ಬಗ್ಗೆ ಎರಡು ಮಾತು. ಕಲ್ಯಾಣದ ಒಂದು ಶಾಲೆಯಲ್ಲಿ ನಾನು ಪಿ.ಟಿ. ಟೀಚರ್. ಕಾಲೇಜಿನ ಎನ್‌ಸಿಸಿ ದಿನಗಳಿಂದ ಹಿಡಿದ ಗುಂಡು ಹೊಡೆಯುವ ಚಟ ಮದುವೆಯಾದ ಮೇಲೂ ಬಿಡಲಿಲ್ಲ. ಪ್ರತಿ ಭಾನುವಾರ ಥಾಣೆಯ ರೇಂಜಿಗೆ ಹೋಗಿ ಏರ್ ರೈಫಲ್ ಹಿಡಿದು ನಿಲ್ಲುತ್ತೇನೆ. ನಮ್ಮ ಬಿಲ್ಡಿಂಗಿನಲ್ಲಿ ನನ್ನ ಹೆಸರು 'ಬಂದೂಕ್‌ವಾಲಿ ಬಾಯಿ'. ನೌಪಾಡಾದ ಹೋಟೆಲಿನ ಗಲ್ಲೆಯಲ್ಲಿ ಕೂರುವ ನನ್ನ ಗಂಡ ಮಾತ್ರ, "ಅವಳ ಕೋವಿಯಿಂದ ಗಾಳಿ ಬಿಟ್ಟರೆ ಬೇರೆ ಎಂತದೂ ಹೊರಗೆ ಬರುವುದಿಲ್ಲ ಮಾರಾಯರೇ" ಎಂದು ಗಿರಾಕಿಗಳನ್ನು ನಗಿಸುತ್ತಾರೆ.

ಸೆಪ್ಟೆಂಬರಿನಲ್ಲಿ ತಮ್ಮೂರಿನ ಬೇಟೆಗಾರರ ಕೂಟ ಇದೆ, ಅಪ್ಪ ವರ್ಷವಿಡೀ ಅದಕ್ಕೇ ಕಾಯುತ್ತಾರೆ, ಆಗಲೇ ಬನ್ನಿ ಅಕ್ಕ, ಎಂದು ಮಾಯಾ ಹೇಳಿದ್ದಳು. ಬೇಟೆ ಎಂದರೆ ನಮ್ಮಲ್ಲಿ ಈಗ ಪೊಲೀಸರ ನೆನಪು ಬರುತ್ತದೆ. ಅಲ್ಲಿ ಅದು ಊರಿನ ಸಂಘ, ಪರವಾನಗಿ, ಪರೀಕ್ಷೆ, ಎಲ್ಲ ಇರುವ ಗೃಹಸ್ಥರ ಕೆಲಸ ಎಂದು ಸುಧಾಕರ ಅಮ್ಮನಿಗೆ ಅರ್ಥ ಮಾಡಿಸಿದ. ಅಮ್ಮ ಹಪ್ಪಳದ ಕಟ್ಟು, ಉಪ್ಪಿನಕಾಯಿ, ಒಂದು ರೇಷ್ಮೆ ಸೀರೆ ಎಲ್ಲ ಸೇರಿಸಿ ನನ್ನ ಬ್ಯಾಗನ್ನು ಹೊಲಿಗೆ ಬಿಡುವಷ್ಟು ತುಂಬಿದಳು.

ಲ್ಯುಬ್ಲಿಯಾನಾ

ನಾನು ಬಂದೆ. ಬ್ಯಾಗು ಬರಲಿಲ್ಲ.

ಸ್ಲೊವೇನಿಯಾದ ರಾಜಧಾನಿಯ ವಿಮಾನ ನಿಲ್ದಾಣದಲ್ಲಿ ಬೆಲ್ಟಿನ ಮುಂದೆ ಕೊನೆಯವಳಾಗಿ ನಿಂತು, ಖಾಲಿ ರಬ್ಬರು ಸುತ್ತುವುದನ್ನೇ ನೋಡುತ್ತಿದ್ದೆ. ಕೌಂಟರಿನ ಹುಡುಗಿ ನನಗಿಂತ ಹೆಚ್ಚು ದುಃಖಪಟ್ಟಳು. ಕಲ್ಯಾಣ ಸ್ಟೇಷನ್ನಿನಲ್ಲಿ ಯಾರಾದರೂ ಹಾಗೆ ದುಃಖಪಟ್ಟದ್ದನ್ನು ನಾನು ಕಂಡಿಲ್ಲವಾದ್ದರಿಂದ, ಕೊನೆಗೆ ನಾನೇ ಅವಳಿಗೆ ಸಮಾಧಾನ ಹೇಳಬೇಕಾಯಿತು. "ಒಳಗೆ ಏನೇನಿದೆ?" ಎಂದು ಕೇಳಿದಳು. ಹಪ್ಪಳಕ್ಕೆ ಇಂಗ್ಲಿಷಿನಲ್ಲಿ ಏನು ಹೇಳುವುದು ಎಂದು ಯೋಚಿಸಿ, "ದುಂಡಗಿರುತ್ತದೆ, ಒಡೆಯುತ್ತದೆ" ಎಂದೆ. ಆಕೆ ಗಂಭೀರವಾಗಿ ಗಾಜಿನ ತಟ್ಟೆಗಳೆಂದು ಬರೆದುಕೊಂಡಳು.

ಸುಧಾಕರ, ಮಾಯಾ ಹೊರಗೆ ಕಾಯುತ್ತಿದ್ದರು. ಊರಿಗೆ ಹೊರಡುವ ಮೊದಲು ಪೇಟೆಯಲ್ಲಿ ಕಾಫಿ ಕುಡಿಯೋಣವೆಂದು ನಡೆದೆವು. ಒಂದು ಕಡೆ ರಸ್ತೆ ದಾಟಬೇಕು. ಈ ಕಡೆ ವಾಹನವಿಲ್ಲ, ಆ ಕಡೆ ವಾಹನವಿಲ್ಲ. ದೀಪ ಮಾತ್ರ ಕೆಂಪು. ಒಬ್ಬ ಅಜ್ಜ, ಒಬ್ಬಳು ಅಜ್ಜಿ, ಒಂದು ನಾಯಿ, ಮೂವರೂ ಶಿಸ್ತಾಗಿ ನಿಂತಿದ್ದಾರೆ. ನಾನು ಡೊಂಬಿವಲಿಯ ಅಭ್ಯಾಸದಲ್ಲಿ ಕಾಲಿಟ್ಟೇ ಬಿಟ್ಟೆ. ನಾಯಿ ನನ್ನನ್ನು ನೋಡಿದ ನೋಟವನ್ನು ಇವತ್ತಿಗೂ ಮರೆತಿಲ್ಲ.

"ಅಕ್ಕ, ವಾಪಸ್ ಬಾ ಮಾರಾಯ್ತಿ" ಎಂದು ಸುಧಾಕರ ಕೈ ಹಿಡಿದೆಳೆದ. "ಇಲ್ಲಿ ಹಾಗೆಲ್ಲ ಮಾಡ್ಲಿಕ್ಕಿಲ್ಲ."

"ಎಂತಕ್ಕೆ? ಗಾಡಿಯೇ ಇಲ್ಲವಲ್ಲ?"

"ಗಾಡಿ ಇಲ್ಲ. ಆದರೆ ದೀಪ ಉಂಟಲ್ಲ."

ಆ ಮಾತು ಈ ದೇಶದ ಬೀಗದ ಕೈ ಎಂದು ನನಗೆ ಅನಿಸಿತು.

ಬೆಟ್ಟದ ಮನೆ

ಮಾಯಾಳ ತವರು ಪಶ್ಚಿಮದ ಬೆಟ್ಟಗಳ ನಡುವೆ, ಕಣಿವೆಯ ಮೇಲಿನ ಅಂಚಿನಲ್ಲಿ. ಬಾಗಿಲಲ್ಲೇ ಒಂದು ದೊಡ್ಡ ಬುಟ್ಟಿ, ಬುಟ್ಟಿಯ ತುಂಬ ಉಣ್ಣೆಯ ಚಪ್ಪಲಿಗಳು. ಬಂದವರು ಬೂಟು ಕಳಚಿ ಅದರಲ್ಲಿ ತಮ್ಮ ಅಳತೆಯದನ್ನು ಹುಡುಕಿ ಹಾಕಿಕೊಳ್ಳಬೇಕು. ಹೊರಗಿನ ಚಪ್ಪಲಿ ಒಳಗೆ ತರದ ಜನ ಎಂದು ಗೊತ್ತಾದ ಕೂಡಲೇ ನನ್ನ ಅರ್ಧ ಸಂಕೋಚ ಹೋಯಿತು. ಮಾಯಾಳ ಅಮ್ಮ ಅನಾ, ನನ್ನ ಬ್ಯಾಗು ಬರದ ಸುದ್ದಿ ಕೇಳಿ, ತನ್ನದೊಂದು ದಪ್ಪ ಹಸಿರು ಕೋಟನ್ನೂ ಬೂಟನ್ನೂ ತಂದು ಎದುರಿಗಿಟ್ಟರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಸ್ಲೊವೀನ್ ಬಾರದು. ಅವರು ಅವರ ಭಾಷೆಯಲ್ಲಿ, ನಾನು ತುಳುವಿನಲ್ಲಿ ಮಾತಾಡಿದೆವು. ಅಡುಗೆಮನೆಯ ವಿಷಯದಲ್ಲಿ ಒಂದೂ ತಪ್ಪು ತಿಳಿವಳಿಕೆ ಆಗಲಿಲ್ಲ.

ಅಪ್ಪ ಯಾನೆಜ್ ಎತ್ತರದ, ಬಿಳಿಮೀಸೆಯ ಮನುಷ್ಯ. ಸುಧಾಕರ ಅವರನ್ನು ಮಾವ ಎಂದೇ ಕರೆಯುತ್ತಾನೆ. ಅವರಿಗೂ ಆ ಶಬ್ದ ಒಗ್ಗಿಹೋಗಿದೆ. ನಾನೂ ಹಾಗೇ ಕರೆದೆ. ಅವರ ಭಾಷೆಯಲ್ಲೂ ನಮ್ಮಂತೆ 'ನೀನು', 'ನೀವು' ಬೇರೆ ಬೇರೆ. ಅವರು ನನ್ನನ್ನು 'ನೀವು' ಎನ್ನುತ್ತಿದ್ದಾರೆ ಎಂದು ಮಾಯಾ ಕಿವಿಯಲ್ಲಿ ಹೇಳಿದಳು. ಮರ್ಯಾದೆ ಸರಿಯೇ, ಆದರೆ ಸ್ವಲ್ಪ ದೂರವೂ ಹೌದು.

"ಗಾಳಿಯ ಕೋವಿಯಂತೆ?" ಎಂದು ಯಾನೆಜ್ ಕೇಳಿದರು. ಮಾಯಾ ನಡುವೆ ಕೂತು ಅತ್ತಿಂದಿತ್ತ ಮಾತು ದಾಟಿಸುತ್ತಿದ್ದಳು. "ಗಾಳಿಗೆ ಯಾವ ಪ್ರಾಣಿ ಬೀಳುತ್ತದೆ?"

"ಕಾಗದ ಬೀಳುತ್ತದೆ ಮಾವ" ಎಂದೆ. "ಅದೂ ಯಾವಾಗಲೂ ಅಲ್ಲ."

ಅವರ ಮೀಸೆ ಒಂದಿಷ್ಟು ಅಲುಗಿತು.

ಊಟ ಮುಗಿಯುತ್ತಿದ್ದಂತೆ ಬಾಗಿಲು ತೆರೆದು ಇನ್ನೊಬ್ಬರು ಬಂದರು. ಲೊಯ್ಜೆ, ಯಾನೆಜ್‌ರ ಬಾಲ್ಯದ ಗೆಳೆಯ. ಮಾಡಿಗೆ ತಗಡು ಹೊದಿಸುವುದು, ಮಳೆನೀರು ಹರಿಯುವ ದಂಬೆ ಕಟ್ಟುವುದು ಅವರ ಜೀವಮಾನದ ಕಸುಬು. ಅವರ ಬಲಗೈ ಪ್ಲಾಸ್ಟರಿನಲ್ಲಿತ್ತು. ಆ ಬೆಳಿಗ್ಗೆಯೇ ಪ್ಲಮ್ ಮರದಿಂದ ಬಿದ್ದಿದ್ದರು. ಅನಾ ಕೈಯಲ್ಲಿದ್ದ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟರು.

ವಿಷಯ ಏನೆಂದರೆ, ಕೂಟದಲ್ಲಿ ಕಣಿವೆಯ ಹಳ್ಳಿಗಳ ನಡುವೆ ಗುರಿ ಹೊಡೆಯುವ ಪಂದ್ಯವಿದೆ. ಊರಿಗೊಂದು ಜೋಡಿ, ಜೋಡಿಗೊಂದೇ ರೈಫಲ್, ಒಬ್ಬರಾದ ಮೇಲೊಬ್ಬರು ಹೊಡೆಯಬೇಕು. ದುರ್ಬೀನು ಕೂಡದು. ಬೇಟೆಯ ಹಳೆಯ ರೈಫಲ್ಲಿನಲ್ಲಿ ಹಿಂದೆ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಮಣಿ, ಅಷ್ಟೇ. ಆ ಕಚ್ಚಿನೊಳಗೆ ಮಣಿಯನ್ನು ಕೂರಿಸಿ ಗುರಿ ನೋಡಬೇಕು. ಯಾನೆಜ್ ಮತ್ತು ಲೊಯ್ಜೆ ಯೌವನದಿಂದ ಜೋಡಿ. ಒಮ್ಮೆಯೂ ಗೆದ್ದಿಲ್ಲ. ಗೆಲ್ಲುವುದು ಯಾವಾಗಲೂ ಕಣಿವೆಯ ತಳದ ಕೆಳಹಳ್ಳಿ. ಈ ವರ್ಷವೇ ಕಡೆ, ಇನ್ನು ಕಣ್ಣು ಕೇಳುವುದಿಲ್ಲ ಎಂದು ಯಾನೆಜ್ ಊರಿಗೆಲ್ಲ ಹೇಳಿಯಾಗಿತ್ತು.

"ಹೆಸರು ವಾಪಸ್ ತೆಗೆದುಕೊಳ್ಳುತ್ತೇನೆ" ಎಂದರು ಯಾನೆಜ್.

ಸುಧಾಕರ ಸೂಪಿನ ಬಟ್ಟಲಿನಿಂದ ತಲೆ ಎತ್ತದೆ ಹೇಳಿದ. "ಅಕ್ಕ ಇದ್ದಾಳಲ್ಲ."

ನಾನು ಮೇಜಿನ ಕೆಳಗಿಂದ ಅವನ ಕಾಲಿಗೆ ಒದ್ದೆ. ಒದೆ ಲೊಯ್ಜೆಗೆ ಬಿತ್ತು. ಅವರು ನನ್ನ ಕಡೆ ತಿರುಗಿ, ಅದನ್ನೇ ಒಪ್ಪಿಗೆ ಎಂದುಕೊಂಡು, ಎಡಗೈ ಮುಂದೆ ಚಾಚಿದರು.

ಮಚಾನು

ಅತಿಥಿಗಳು ಜೋಡಿಯಲ್ಲಿ ನಿಲ್ಲಬಹುದು, ಸಂಘದ ಮೇಲ್ವಿಚಾರಕರ ಮುಂದೆ ಸುರಕ್ಷತೆಯ ಪಾಠ ಒಪ್ಪಿಸಿದರೆ ಸಾಕು ಎಂದು ಮರುದಿನ ತಿಳಿಯಿತು. ನಾನು ಪಾಠ ಒಪ್ಪಿಸಿದೆ. ಆದರೆ ಯಾನೆಜ್‌ಗೆ ಪಾಠದಲ್ಲಿ ನಂಬಿಕೆ ಇರಲಿಲ್ಲ. ಕೋವಿ ಹಿಡಿಯುವವರು ಮೊದಲು ಸುಮ್ಮನೆ ಕೂರಲು ಕಲಿಯಬೇಕು ಎಂದು ಸಂಜೆ ನನ್ನನ್ನು ಕಾಡಿನಂಚಿನ ಮಚಾನಿಗೆ ಕರೆದೊಯ್ದರು. ಬೇಟೆಯ ಪರವಾನಗಿ ಅವರಿಗೆ ಮಾತ್ರ. ನಾನು ನೋಡುವವಳು.

ದಾರಿಯಲ್ಲಿ ಸಿಕ್ಕವರೆಲ್ಲ ನಮಗೆ "ದೋಬೆರ್ ಪೊಗ್ಲೆದ್" ಎನ್ನುತ್ತಿದ್ದರು. ಬೇಟೆಗೆ ಹೊರಟವರಿಗೆ ಹೇಳುವ ಮಾತು ಅದು. ನೋಟ ಒಳ್ಳೆಯದಾಗಲಿ ಎಂದರ್ಥವಂತೆ. 'ಚೆನ್ನಾಗಿ ಹೊಡಿ' ಅನ್ನುವುದಿಲ್ಲ, 'ಚೆನ್ನಾಗಿ ನೋಡು' ಎನ್ನುತ್ತಾರೆ. ನನಗೆ ಅದು ತುಂಬ ಹಿಡಿಸಿತು.

ಮಚಾನಿನಲ್ಲಿ ಕೂತು, ನಾನು ಅವರ ರೈಫಲ್ಲನ್ನು ಮೊದಲ ಬಾರಿ ಹತ್ತಿರದಿಂದ ನೋಡಿದೆ. ನಳಿಗೆಯ ತುದಿಯಲ್ಲಿ ಮಣಿ ಬೆತ್ತಲೆಯಾಗಿ ನಿಂತಿತ್ತು. ಅದರ ಇಕ್ಕೆಲದಲ್ಲಿ ಕೊರೆದ ಸಣ್ಣ ಜಾಡು. ಅಂದರೆ ಅಲ್ಲಿ ಹಿಂದೊಮ್ಮೆ ಹುಡ್ ಇತ್ತು. ಹುಡ್ ಎಂದರೆ ಮಣಿಯ ಮೇಲೆ ಕಮಾನಿನ ಹಾಗೆ ಬಾಗಿ ಕೂರುವ ಲೋಹದ ಪಟ್ಟಿ, ಮಣಿಗೆ ಹಾಕಿದ ಟೋಪಿ ಎನ್ನಿ. ಜಾಡಿನಲ್ಲಿ ಜಾರಿಸಿದರೆ ಕೂರುತ್ತದೆ, ಎಳೆದರೆ ಬರುತ್ತದೆ. ಥಾಣೆಯ ರೇಂಜಿನಲ್ಲಿ ನಮ್ಮ ಏರ್ ರೈಫಲ್ಲುಗಳ ಮಣಿ ಸದಾ ಒಂದು ಸಣ್ಣ ಕೊಳವೆಯ ಒಳಗೇ ಇರುತ್ತದೆ. ಅಷ್ಟು ವರ್ಷ ಕೊಳವೆಯೊಳಗೆ ನೋಡಿದ ನನ್ನ ಕಣ್ಣಿಗೆ ಈ ಬೋಳು ಮಣಿ ತಲೆಗೆ ಸೆರಗಿಲ್ಲದೆ ದೇವಸ್ಥಾನಕ್ಕೆ ಹೊರಟ ನನ್ನ ಅಜ್ಜಿಯ ಹಾಗೆ ಕಂಡಿತು.

ಬೆರಳಿನಿಂದ ಕಮಾನು ಮಾಡಿ, "ಇದು ಎಲ್ಲಿ?" ಎಂದು ಸನ್ನೆಯಲ್ಲಿ ಕೇಳಿದೆ.

ಯಾನೆಜ್ ನಕ್ಕು, ಕಾಡಿನ ಕಡೆ ಕೈ ಬೀಸಿದರು. ಎಲ್ಲೋ ಬಿದ್ದುಹೋಯಿತು, ಹೋಗಲಿ ಎಂಬ ಅರ್ಥದಲ್ಲಿ. ಆಮೇಲೆ ಕತ್ತಲು ಇಳಿಯುವವರೆಗೆ ತಡೆದು ನನಗೆ ಕಾರಣ ತೋರಿಸಿದರು. ಬಯಲಿನಲ್ಲಿ ಬೆಳಕು ಬೂದಿಯಾಗುತ್ತಿತ್ತು. ರೈಫಲ್ ಖಾಲಿ ಮಾಡಿ ನನ್ನ ಭುಜಕ್ಕೆ ಕೊಟ್ಟರು. ಮಣಿ ಮಸುಕಾಗಿ ಕಂಡಿತು. ಅವರು ಮುಂದಕ್ಕೆ ಬಾಗಿ ಮಣಿಯ ಮೇಲೆ ತಮ್ಮ ಅಂಗೈಯನ್ನು ಕಮಾನಿನಂತೆ ಹಿಡಿದರು. ಮಣಿ ಮಾಯ! ಕೈ ತೆಗೆದರೆ ಮತ್ತೆ ಬಂತು. ಬೇಟೆಯಾಗುವುದು ಈ ಹೊತ್ತಿನಲ್ಲಿ. ಇರುವ ಚೂರು ಬೆಳಕನ್ನೂ ಟೋಪಿ ತಿಂದುಹಾಕುತ್ತದೆ. ಹಾಗಾಗಿಯೇ ಈ ಕಣಿವೆಯ ಒಬ್ಬರ ಕೋವಿಯಲ್ಲೂ ಹುಡ್ ಉಳಿದಿರಲಿಲ್ಲ. ಅವರು ತೋರಿಸಿದ್ದು ಸರಿ. ನಾನು ತಲೆಯಾಡಿಸಿದೆ.

ಕಾಡಿನಿಂದ ಒಂದು ಹೆಣ್ಣು ಜಿಂಕೆ ಮರಿಯೊಂದಿಗೆ ಹೊರಬಂದು, ನಮ್ಮ ಮುಂದೆಯೇ ಹುಲ್ಲು ಮೇಯ್ದು, ಒಳಗೆ ಹೋಯಿತು. ಯಾನೆಜ್ ಕೋವಿ ಮುಟ್ಟಲೇ ಇಲ್ಲ. ಇಬ್ಬರೂ ಚೆನ್ನಾಗಿ ನೋಡಿದೆವು.

ಲೊಯ್ಜೆಯ ಶೆಡ್ಡು

ಮರುದಿನ ಬೆಳಿಗ್ಗೆ ಅಭ್ಯಾಸ. ಆಕಾಶ ನೀಲಿ, ಬಿಸಿಲು ಎಡಗಡೆಯಿಂದ ಓರೆಯಾಗಿ ಬೀಳುತ್ತಿತ್ತು. ನಿಜವಾದ ಬೇಟೆಯ ರೈಫಲ್ ಭುಜಕ್ಕೆ ಕೊಡುವ ಒದೆ ನನ್ನ ಗಂಡನ ಹಾಸ್ಯವನ್ನೆಲ್ಲ ಮರೆಸಿತು. ಆದರೆ ಒದೆಗಿಂತ ಹೆಚ್ಚು ನೋಯಿಸಿದ್ದು ಕಾಗದ. ನನ್ನ ಗುಂಡುಗಳೆಲ್ಲ ಒಂದೇ ಕಡೆ ಗುಂಪುಗೂಡಿ, ನಡುವಿನಿಂದ ಬಲಕ್ಕೆ ಹೋಗಿದ್ದವು.

"ಕೈ ನಡುಗುತ್ತಿಲ್ಲ. ಮತ್ತೆ ಎಂತ ಆಯಿತು?" ಎಂದ ಸುಧಾಕರ.

ನನಗೆ ಗೊತ್ತಿತ್ತು. ಎಡದಿಂದ ಬಿಸಿಲು ಬಿದ್ದರೆ ಮಣಿಯ ಎಡಗೆನ್ನೆ ಮಾತ್ರ ಹೊಳೆಯುತ್ತದೆ. ಕಣ್ಣು ಆ ಹೊಳಪನ್ನೇ ಇಡೀ ಮಣಿ ಎಂದು ನಂಬುತ್ತದೆ. ಹೊಳಪನ್ನು ತಂದು ಗುರಿಯ ನಡುವೆ ಇಟ್ಟಾಗ ನಿಜವಾದ ಮಣಿ ಬಲಕ್ಕೆ ಸರಿದಿರುತ್ತದೆ. ಗುಂಡೂ ಅದರ ಹಿಂದೆಯೇ ಹೋಗುತ್ತದೆ. ಹುಡ್ ಇದ್ದರೆ ಮಣಿ ನೆರಳಿನಲ್ಲಿರುತ್ತದೆ, ಎರಡು ಕೆನ್ನೆಯೂ ಒಂದೇ ಬಣ್ಣ.

ಯಾನೆಜ್‌ಗೂ ಇದು ಗೊತ್ತಿತ್ತು. ಅವರ ಮದ್ದು ಬೇರೆ. "ಬಿಸಿಲಿದ್ದರೆ ಒಂದಿಷ್ಟು ಎಡಕ್ಕೆ ಹಿಡಿಯಬೇಕು. ನಾವೆಲ್ಲ ಹಾಗೇ ಮಾಡುವುದು."

"ನಡುವೆ ಮೋಡ ಬಂದರೆ?"

"ಆಗ ನೆಟ್ಟಗೆ."

"ಬೆರಳು ಕೋವಿಯ ಕುದುರೆ ಎಳೆಯುವ ಹೊತ್ತಿಗೇ ಮೋಡ ಬಂದರೆ ಮಾವ?"

ಮಾಯಾ ಈ ಪ್ರಶ್ನೆಯನ್ನು ದಾಟಿಸಿದಳು. ಗೋಡೆಗೆ ಒರಗಿ ಪೈಪು ಸೇದುತ್ತಿದ್ದ ಲೊಯ್ಜೆ ಉತ್ತರ ಕೊಟ್ಟರು. "ಆಗ ಕೆಳಹಳ್ಳಿ ಗೆಲ್ಲುತ್ತದೆ."

ಹುಡ್ ಬೇಕೆಂದರೆ ಎಲ್ಲಿ ಸಿಗಬೇಕು? ರೈಫಲ್ಲಿಗೆ ಯಾನೆಜ್‌ರ ಅಪ್ಪನಷ್ಟು ವಯಸ್ಸು. ಲೊಯ್ಜೆ ನನ್ನನ್ನು ತಮ್ಮ ಶೆಡ್ಡಿಗೆ ಕರೆದೊಯ್ದರು. ಮೂಲೆಯಲ್ಲಿ ಸುರುಳಿ ಸುತ್ತಿದ ತಗಡುಗಳು, ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂಗುಹಾಕಿದ ಕತ್ತರಿಗಳು. ಅವರಿಗೆ ಇದ್ದದ್ದು ಎಡಗೈ, ನನಗಿದ್ದದ್ದು ಎರಡೂ ಕೈ, ಆದರೆ ತಗಡಿನ ಅಭ್ಯಾಸವಿಲ್ಲದವು. ಅವರು ತೋರಿಸಿದಲ್ಲಿ ನಾನು ಹಿಡಿದೆ, ನಾನು ಹಿಡಿದಲ್ಲಿ ಅವರು ಕತ್ತರಿಸಿದರು. ಮೊದಲನೆಯದು ಸಡಿಲವಾಗಿ ಉದುರಿತು. ಎರಡನೆಯದು ಕೂರಲೇ ಇಲ್ಲ. ಮೂರನೆಯದನ್ನು ಒಂದು ಮೊಳೆಯ ಮೇಲೆ ಬಾಗಿಸಿ, ಅಂಚನ್ನು ಅರದಿಂದ ಉಜ್ಜಿ, ಜಾಡಿಗೆ ತಳ್ಳಿದಾಗ 'ಟಕ್' ಎಂದು ಕೂತಿತು. ಒಳಗಡೆ ತಗಡು ಮಿಂಚುತ್ತಿತ್ತು. ಲೊಯ್ಜೆ ಅದನ್ನು ಹೊರಗೆಳೆದು ಮೇಣದಬತ್ತಿಯ ಹೊಗೆಗೆ ಹಿಡಿದರು. ಮಸಿ ಹತ್ತಿ ಒಳಮೈ ನಮ್ಮಮ್ಮನ ದೋಸೆ ಕಾವಲಿಯಷ್ಟು ಕಪ್ಪಾಯಿತು. ಈ ಉಪಾಯ ನನಗೆ ಗೊತ್ತಿರಲಿಲ್ಲ.

ಹೊಸ ಟೋಪಿ ಹಾಕಿ ಹೊಡೆದೆ. ಗುಂಪು ನಡುವಿಗೆ ಬಂತು. ಸುಧಾಕರ ಶಿಳ್ಳೆ ಹಾಕಿದ.

ಆಮೇಲೆ ಯಾನೆಜ್ ಹೊಡೆದರು. ಅವರ ಗುಂಡು ಗುರಿಯ ಕೆಳಗಿನ ಮಣ್ಣಿಗೆ ಬಿದ್ದು ಧೂಳೆಬ್ಬಿಸಿತು. ಬರೀ ಮಣಿ ನೋಡಿ ಅಭ್ಯಾಸವಾದ ಕಣ್ಣು, ಎತ್ತರದಲ್ಲಿ ಕಂಡ ಟೋಪಿಯ ನೆತ್ತಿಯನ್ನೇ ಮಣಿ ಎಂದುಕೊಂಡು ಕಚ್ಚಿನಲ್ಲಿ ಕೂರಿಸಿತ್ತು. ಹೊಸಬರೆಲ್ಲ ಮಾಡುವ ತಪ್ಪು. ಆದರೆ ಅವರು ಹೊಸಬರಲ್ಲವಲ್ಲ. ಮುಖ ಕೆಂಪಾಯಿತು. ಹುಡ್ ಎಳೆದು ನನ್ನ ಅಂಗೈಗೆ ಹಾಕಿದರು.

"ನಿಮ್ಮ ಸರದಿಯಲ್ಲಿ ಹಾಕಿಕೊಳ್ಳಿ. ನನ್ನ ಸರದಿಯಲ್ಲಿ ಬೇಡ."

ಪಂದ್ಯದ ಬಯಲು

ಭಾನುವಾರ. ಇಷ್ಟು ಹೊತ್ತಿಗೆ ಡೊಂಬಿವಲಿಯಲ್ಲಿ ರೈಲು ನಿಲ್ಲಿಸುವ ಮೆಗಾಬ್ಲಾಕಿಗೆ ಶಾಪ ಹಾಕುತ್ತಾ ಜನ ಪ್ಲಾಟ್‌ಫಾರಂನಲ್ಲಿ ನಿಂತಿರುತ್ತಾರೆ. ಇಲ್ಲಿ ಹಸಿರು ಟೋಪಿಯ ಜನ ಉದ್ದ ಬೆಂಚುಗಳ ಮೇಲೆ ಕೂತು ಅಕಾರ್ಡಿಯನ್ ಕೇಳುತ್ತಾ ಸಾಸೇಜು ತಿನ್ನುತ್ತಿದ್ದರು. ಅನಾರ ಕೋಟಿನೊಳಗೆ, ಮಾಯಾಳ ಪ್ಯಾಂಟು, ಸುಧಾಕರನ ಕಾಲುಚೀಲ ಹಾಕಿಕೊಂಡು ನಾನು ಒಬ್ಬಳೇ ಮೂರು ಜನರ ಹಾಗಿದ್ದೆ. ಬ್ಯಾಗು ಇನ್ನೂ ಬಂದಿರಲಿಲ್ಲ.

ನಮ್ಮ ರೈಫಲ್ ಪರೀಕ್ಷಿಸುವಾಗ ತೀರ್ಪುಗಾರರು ಹುಡ್ಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಹಿಂದಿನಿಂದ ಯಾರೋ, "ಅತಿಥಿಗಳು ಮುಚ್ಚಳ ತೆಗೆಯಲು ಮರೆತಿದ್ದಾರೆ" ಎಂದರು. ನಗು ಎದ್ದಿತು. ಮಾಯಾ ದಾಟಿಸದಿದ್ದರೂ ನನಗೆ ಅರ್ಥವಾಗುತ್ತಿತ್ತು. ತೀರ್ಪುಗಾರರು ನಿಯಮ ಓದಿ, ಇದರಲ್ಲಿ ಗಾಜಿಲ್ಲ, ಆದ್ದರಿಂದ ತಕರಾರಿಲ್ಲ ಎಂದರು. ದೀಪ ಹಸಿರಾಯಿತು ಎಂದುಕೊಂಡೆ.

ಕೆಳಹಳ್ಳಿಯ ಜೋಡಿ ಒಬ್ಬ ಅಣ್ಣ, ಒಬ್ಬಳು ತಂಗಿ. ತಂಗಿ ಅರಣ್ಯ ಇಲಾಖೆಯವಳು, ನನ್ನ ವಯಸ್ಸಿನವಳೇ. ಕೋವಿ ಎತ್ತಿದರೆ ಕಂಬ. ನನ್ನ ಕಡೆ ತಿರುಗಿ ನಗದೆ, ಆದರೆ ಮರ್ಯಾದೆಯಿಂದ "ದೋಬೆರ್ ಪೊಗ್ಲೆದ್" ಎಂದಳು. ನಾನೂ ಹೇಳಿದೆ.

ಗುರಿ ಎಂದರೆ ಹಲಗೆಗೆ ಅಂಟಿಸಿದ ಕಾಗದ. ಅದರ ಕೆಳಗೆ ತೋಡಿದ ಹೊಂಡದಲ್ಲಿ ಒಬ್ಬರು ಕೂತು, ಗುಂಡು ಬಿದ್ದ ಜಾಗವನ್ನು ಉದ್ದ ಕೋಲಿನ ಕೆಂಪು ಬಿಲ್ಲೆಯಿಂದ ತೋರಿಸುತ್ತಾರೆ. ಸೀಟಿ ಊದಿದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಹೊಡೆಯಬೇಕು. ಆಕಾಶದಲ್ಲಿ ಬಿಳಿ ಮೋಡಗಳು ಕುರಿಹಿಂಡಿನ ಹಾಗೆ ಓಡುತ್ತಿದ್ದವು. ಬಿಸಿಲು ಬರುತ್ತದೆ, ಹೋಗುತ್ತದೆ, ಬರುತ್ತದೆ. ಒಬ್ಬೊಬ್ಬರೇ ಹೊಡೆದರು. ಬಿಲ್ಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಲೆದಾಡಿತು. ಪ್ರತಿ ಸಲ ಬೆಂಚಿನಿಂದ ನಿಟ್ಟುಸಿರು.

ನಾನು ಹುಡ್ ಜಾರಿಸಿ, ನೆಲಕ್ಕೆ ಊರಿದ ಕೋಲಿಗೆ ನಳಿಗೆ ಒರಗಿಸಿ ನಿಂತೆ. ಕಪ್ಪು ಕಮಾನಿನ ಕೆಳಗೆ ಮಣಿ ತಣ್ಣಗೆ ಕೂತಿತ್ತು. ಸುತ್ತ ಬೆಳಕು ಏನಾದರೂ ಮಾಡಿಕೊಳ್ಳಲಿ. ಎಳೆದೆ. ಬಿಲ್ಲೆ ಮೇಲೆದ್ದು ನಡುವಿನಲ್ಲಿ ನಿಂತಿತು. ಅಕಾರ್ಡಿಯನ್ ಒಂದು ಕ್ಷಣ ತಾಳ ತಪ್ಪಿತು.

ಯಾನೆಜ್ ಬಂದು, ಹುಡ್ ಎಳೆದು ಜೇಬಿಗೆ ಹಾಕಿಕೊಂಡರು. ಬಿಸಿಲು ಜೋರಿತ್ತು. ಅವರ ಲೆಕ್ಕದಂತೆ ಒಂದಿಷ್ಟು ಎಡಕ್ಕೆ ಹಿಡಿದರು. ಅವರ ಬೆರಳು ಕುದುರೆಯ ಮೇಲೆ ಬಿಗಿಯಾಗುವಾಗಲೇ ನೆರಳು ಬಯಲಿನ ಮೇಲೆ ಸರಸರ ಓಡಿಬಂತು. ಗುಂಡು ಹೋಯಿತು. ಬಿಲ್ಲೆ ಎಡಗಡೆ, ದೂರದಲ್ಲಿ ಎದ್ದಿತು.

ಯಾರೂ ನಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಅವರು ಬೆಂಚಿಗೆ ಬಂದು ಕೂತು, ಜೇಬಿನಿಂದ ಆ ತಗಡಿನ ತುಂಡನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದರು. ಲೊಯ್ಜೆ ಪಕ್ಕದಲ್ಲಿ ಕೂತಿದ್ದರು. ಪೈಪನ್ನು ಬಾಯಿಂದ ತೆಗೆದು ತಮ್ಮ ಪ್ಲಾಸ್ಟರಿನ ಕೈಯನ್ನು ಒಮ್ಮೆ ತೋರಿಸಿದರು, ಅಷ್ಟೇ. ಈ ಕೈ ಇಲ್ಲದೆಯೂ ಅದನ್ನು ಮಾಡಿದೆ ಎಂದೋ, ಈ ಕೈ ಇವತ್ತು ಇಲ್ಲ ಎಂದೋ, ಅವರಿಬ್ಬರಿಗೇ ಗೊತ್ತು.

ನಾನು ಹತ್ತಿರ ಹೋಗಿ ಕೂತೆ. ಮಣ್ಣಿನ ಮೇಲೆ ಕಡ್ಡಿಯಿಂದ ಒಂದು ಕಮಾನು ಬರೆದು, ಅದರ ಕೆಳಗೆ ಒಂದು ಚುಕ್ಕೆ ಇಟ್ಟೆ. ಕಮಾನಿನ ನೆತ್ತಿಯನ್ನು ಅಳಿಸಿದೆ. ಚುಕ್ಕೆಯನ್ನು ಮಾತ್ರ ಮತ್ತೆ ಗಟ್ಟಿಯಾಗಿ ಒತ್ತಿದೆ. ಟೋಪಿಯನ್ನು ನೋಡಬೇಡಿ, ತಲೆಯನ್ನು ನೋಡಿ. ಭಾಷೆ ಬೇಕಾಗಲಿಲ್ಲ.

ಅವರ ಮುಂದಿನ ಸರದಿ ಬಂದಾಗ ಯಾನೆಜ್ ತಾವೇ ಹುಡ್ ಜಾರಿಸಿದರು. 'ಟಕ್' ಎಂದ ಸದ್ದು ನನಗೆ ಬೆಂಚಿನವರೆಗೂ ಕೇಳಿಸಿತು. ಬಹಳ ಹೊತ್ತು ಹಿಡಿದು ನಿಂತರು. ಮೋಡ ಬಂತು, ಹೋಯಿತು. ಸೀಟಿಯ ಗಡುವು ಮುಗಿಯುವ ಹೊತ್ತಿಗೆ ಹೊಡೆದರು. ಬಿಲ್ಲೆ ನಡುವಿನಲ್ಲಿ.

ಅಲ್ಲಿಂದ ಮುಂದೆ ನಾನು ಹೊಡೆದೆ, ಅವರು ಹೊಡೆದರು, ಕೋವಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಬಿಸಿಯಾಗಿಯೇ ದಾಟಿತು. ಉಳಿದ ಹಳ್ಳಿಗಳು ಒಂದೊಂದಾಗಿ ಹಿಂದೆ ಬಿದ್ದವು. ಕೆಳಹಳ್ಳಿಯ ತಂಗಿ ಮಾತ್ರ ಜಾಣೆ. ಮೋಡ ಬರುವವರೆಗೆ ಕಾದು, ಬಂದಾಗ ಹೊಡೆಯುತ್ತಿದ್ದಳು. ಕೊನೆಗೆ ಅಂಕ ಸಮ ಸಮ. ಜೋಡಿಗೆ ಒಂದೇ ಗುಂಡು, ಇಬ್ಬರಲ್ಲಿ ಯಾರಾದರೂ ಹೊಡೆಯಬಹುದು ಎಂದು ತೀರ್ಪುಗಾರರು ಸಾರಿದರು.

ಮೊದಲು ಅವಳೇ ಬಂದಳು. ದೊಡ್ಡ ಮೋಡವೊಂದು ಸೂರ್ಯನ ಮೇಲೆ ನಿಂತಿತ್ತು. ಹೊಡೆದಳು. ಬಿಲ್ಲೆ ನಡುವಿನ ವೃತ್ತದ ಅಂಚಿನಲ್ಲಿ. ಕೆಳಹಳ್ಳಿಯವರು ಕುಣಿದರು.

ನಾನು ರೈಫಲ್ಲನ್ನು ಯಾನೆಜ್‌ರ ಕಡೆ ಚಾಚಿದೆ. "ನಿಮ್ಮ ಕೊನೆಯ ವರ್ಷ ಮಾವ. ನೀವೇ ಹೊಡೆಯಬೇಕು."

ಅವರು ಬೇಡವೆಂದು ತಲೆಯಾಡಿಸಿದರು. ಮಾಯಾಳಿಗೆ ಏನೋ ಹೇಳಿದರು. ಅವಳು ನನ್ನ ಕಡೆ ತಿರುಗಿದಳು. "ಅಪ್ಪ ಹೇಳ್ತಾರೆ, ಕೊನೆಯ ಗುಂಡು ಯಾವಾಗಲೂ ನಾನೇ ಹೊಡೆದು ಸೋತಿದ್ದೇನೆ. ಗೆಲ್ಲುವುದು ಹೇಗಿರುತ್ತದೆ ಅಂತ ಒಮ್ಮೆ ನಿಂತು ನೋಡಬೇಕು. ನೀನು ಹೊಡಿ. ಅಕ್ಕ, ನಿಮ್ಮನ್ನು 'ನೀನು' ಅಂದರು."

ಕೋಲಿಗೆ ನಳಿಗೆ ಒರಗಿಸಿದೆ. ಸೀಟಿ. ಮೋಡದ ಅಂಚು ಹರಿದು ಬಿಸಿಲು ಧಾರೆಯಾಗಿ ಸುರಿಯಿತು. ಹಿಂದೆ ಬೆಂಚಿನಲ್ಲಿ ಯಾರೋ 'ಅಯ್ಯೋ' ಎನ್ನುವಂಥ ಸದ್ದು ಮಾಡಿದರು, ಅದು ಎಲ್ಲ ಭಾಷೆಯಲ್ಲೂ ಒಂದೇ. ಹುಲ್ಲು ಹೊಳೆಯಿತು, ನಳಿಗೆಯ ಬೆನ್ನು ಹೊಳೆಯಿತು, ಹಿಂದಿನ ಕಚ್ಚಿನ ಅಂಚು ಕೂಡ ಮಿಂಚಿತು. ಕಮಾನಿನ ಕೆಳಗೆ ಮಣಿ ಮಾತ್ರ ಹಾಗೇ ಕೂತಿತ್ತು, ಕಪ್ಪಗೆ, ದುಂಡಗೆ, ಎರಡು ಕೆನ್ನೆಯೂ ಒಂದೇ. ಉಸಿರು ಅರ್ಧ ಬಿಟ್ಟು ನಿಲ್ಲಿಸಿದೆ. ಕುದುರೆ ತಾನಾಗಿ ಬಂದ ಹಾಗೆ ಬಂತು.

ಹೊಂಡದಿಂದ ಬಿಲ್ಲೆ ಏಳಲಿಲ್ಲ. ಎಷ್ಟು ಹೊತ್ತೋ. ಆಮೇಲೆ ಎದ್ದಿತು. ನಟ್ಟನಡುವೆ ನಿಂತು, ನಿಲ್ಲಲಾರದೆ, ಕೋಲು ಹಿಡಿದವನ ಖುಷಿಗೆ ಮೇಲೆ ಕೆಳಗೆ ಕುಣಿಯತೊಡಗಿತು.

ಸುಧಾಕರ ನನ್ನನ್ನು ಎತ್ತಿ ಸುತ್ತಿಸಿದ. "ಅಕ್ಕಾ! ಅಕ್ಕಾ!" ಎಂಬುದನ್ನು ಬಿಟ್ಟು ಅವನಿಗೆ ಬೇರೆ ಮಾತೇ ಹೊರಡಲಿಲ್ಲ. ಅವನು ಕೆಳಗಿಳಿಸಿದ ಮೇಲೆ ನೋಡಿದೆ. ಯಾನೆಜ್ ಕೈಕಟ್ಟಿಕೊಂಡು, ಗುರಿಯ ಕಡೆಗೇ ಮುಖ ಮಾಡಿ, ಇನ್ನೂ ನಿಂತೇ ಇದ್ದರು. ಚೆನ್ನಾಗಿ ನೋಡುತ್ತಿದ್ದರು.

ಕೆಳಹಳ್ಳಿ

ಬಹುಮಾನ ಒಂದು ಹಸುವಿನ ಗಂಟೆ. ನಮ್ಮ ದೇವಸ್ಥಾನದ ಗಂಟೆಯಷ್ಟು ದೊಡ್ಡದು, ದಪ್ಪ ಚರ್ಮದ ಪಟ್ಟಿಗೆ ತೂಗುಹಾಕಿದ್ದು. ಅದನ್ನು ಕೊಡುವಾಗಲೇ ನನಗೆ ಇನ್ನೊಂದು ಸಂಗತಿ ತಿಳಿದದ್ದು. ಗೆದ್ದವರು ಅದನ್ನು ಹೊತ್ತು, ಬಾರಿಸುತ್ತಾ, ಸೋತ ಊರಿನ ಬೀದಿಯಲ್ಲಿ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನಡೆಯಬೇಕು. ಸೋತವರು ಬಾಗಿಲಿಗೆ ಬಂದು ನಿಂತು, ಗೆದ್ದವರಿಗೆ ಏನಾದರೂ ಕೊಟ್ಟು ಮುಂದೆ ಕಳಿಸಬೇಕು.

ಹೊರಟೆವು. ಪಟ್ಟಿಯ ಒಂದು ತುದಿ ಯಾನೆಜ್‌ರ ಭುಜದ ಮೇಲೆ, ಇನ್ನೊಂದು ನನ್ನ ಭುಜದ ಮೇಲೆ. ನಡುವೆ ಲೊಯ್ಜೆ, ಒಳ್ಳೆಯ ಕೈಯಲ್ಲಿ ಗಂಟೆಯ ನಾಲಗೆ ಹಿಡಿದು ಬಾರಿಸಿದ್ದೇ ಬಾರಿಸಿದ್ದು. ಹಿಂದೆ ಅನಾ, ಮಾಯಾ, ಸುಧಾಕರ, ಮೇಲಿನ ಊರು ಪೂರ್ತಿ, ಒಂದು ಅಕಾರ್ಡಿಯನ್ನು, ಕಾರಣವಿಲ್ಲದೆ ಬೊಗಳುವ ನಾಯಿಗಳು. ಗಣಪತಿ ವಿಸರ್ಜನೆಗೆ ಡೊಂಬಿವಲಿಯಲ್ಲಿ ಹೇಗೆ ಕಾಲು ತಾನೇ ಕುಣಿಯುತ್ತದೋ ಹಾಗೆ ನನ್ನ ಕಾಲು ಕುಣಿಯಿತು. ಅದನ್ನು ನೋಡಿ ಇಬ್ಬರು ಅಜ್ಜಿಯರು ಕಲಿತುಕೊಂಡರು.

ಕೆಳಹಳ್ಳಿಯವರು ಬಾಗಿಲಲ್ಲಿ ಮುಖ ಗಂಟಿಕ್ಕಿ ನಿಂತಿದ್ದರು. ಅದೂ ಸಂಪ್ರದಾಯವೇ. ಗಂಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಒಂದು ಮನೆಯವರು ಚೀಸು ಕೊಟ್ಟರು, ಒಂದು ಮನೆಯವರು ಒಣ ಪೇರಳೆ, ಒಬ್ಬರು ಮುದುಕರು ಏನೂ ಇಲ್ಲವೆಂದು ಕಿಟಕಿಯ ಹೂಕುಂಡವನ್ನೇ ಎತ್ತಿ ಸುಧಾಕರನ ಕೈಗಿಟ್ಟರು.

ಬೀದಿಯ ಕೊನೆಯ ಮನೆ ಆ ಅರಣ್ಯ ಇಲಾಖೆಯವಳದ್ದು. ಅವಳು ಬರಿಗೈಯಲ್ಲಿ ನಿಂತಿದ್ದಳು. ನಮ್ಮನ್ನು ನಿಲ್ಲಿಸಿ ಒಳಗೆ ಹೋಗಿ ತನ್ನ ರೈಫಲ್ಲನ್ನು ಖಾಲಿ ಮಾಡಿ ತೆರೆದು ಹಿಡಿದುಕೊಂಡು ಬಂದಳು. ನಳಿಗೆಯ ತುದಿಯನ್ನು ಲೊಯ್ಜೆಯ ಮುಂದೆ ಹಿಡಿದು, ಅದರ ಬೋಳು ಮಣಿಯನ್ನು ತೋರಿಸಿ, ಏನೋ ಕೇಳಿದಳು.

"ಏನಂತೆ?" ಎಂದೆ.

ಮಾಯಾ ನಗು ತಡೆಯಲಾರದೆ ಹೇಳಿದಳು. "ತನಗೂ ಒಂದು ಮಾಡಿಕೊಡಿ ಅಂತಿದ್ದಾಳೆ."

ಲೊಯ್ಜೆ ಅವಳ ಮಣಿಯನ್ನು ಕಣ್ಣು ಕಿರಿದು ಮಾಡಿ ಅಳೆದರು. ಯಾನೆಜ್‌ರ ಮುಖ ನೋಡಿದರು. ಯಾನೆಜ್ ನನ್ನ ಮುಖ ನೋಡಿದರು. ಇಡೀ ಬೀದಿ ನನ್ನ ಉತ್ತರಕ್ಕೆ ಕಾಯಿತು.

"ಮಾಡಿಕೊಡುವಾ" ಎಂದೆ. "ಆದರೆ ಮುಂದಿನ ವರ್ಷದ ಪಂದ್ಯ ಮುಗಿದ ಮೇಲೆ."

ಮಾಯಾ ಅದನ್ನು ಅವರ ಭಾಷೆಗೆ ದಾಟಿಸಿದಳು. ಆಮೇಲೆ ಎಲ್ಲರಿಗಿಂತ ಮೊದಲು ನಕ್ಕವಳು ಆ ಅರಣ್ಯ ಇಲಾಖೆಯವಳೇ. ಲೊಯ್ಜೆ ಗಂಟೆಯ ನಾಲಗೆಯನ್ನು ಮತ್ತೆ ಹಿಡಿದರು. ಯಾನೆಜ್ ಪಟ್ಟಿಯನ್ನು ಭುಜದ ಮೇಲೆ ಸರಿಮಾಡಿಕೊಂಡು, ದಾರಿ ಮುಗಿದಿದ್ದರೂ, ನನ್ನನ್ನು ಎಳೆದುಕೊಂಡು ತಿರುಗಿ ನಿಂತರು. ನಾವು ಆ ಬೀದಿಯನ್ನು ಇನ್ನೊಂದು ಸಲ ನಡೆದೆವು.